ಸ್ವಂತ ಒಲೆಯ ಎಡೆ

"ವಿಜಯಪುರದ ರೇಷ್ಮೆ ಅಜ್ಜಿ ನಮ್ ಊಟ ತಿಂತಾ ಇಲ್ಲ ಮೇಡಂ," ಎಂದ ನಮ್ಮ ಊಟದ ಗಾಡಿಯ ಡ್ರೈವರ್, ಖಾಲಿ ಡಬ್ಬಿಗಳನ್ನು ಇಳಿಸುತ್ತ.

"ತಗೊಳ್ತಾ ಇಲ್ವಾ?"

"ತಗೋತಾಳೆ. ಗಾಡಿ ತಿರುಗೋ ತಂಕ ಕಾಯ್ತಾಳೆ, ಆಮೇಲೆ ಪಕ್ಕದ್ ಮನೆ ಮಕ್ಕಳಿಗೆ ಹಾಕ್ಬಿಡ್ತಾಳೆ. ಪಿತೃಪಕ್ಷ ಅಂತ ನಾಕೈದ್ ದಿನದಿಂದ ಹಿಂಗೇ ಅಂತೆ. ಬರೀ ಟೀ ಕುಡ್ಕೊಂಡು ಜೀವ ಇಟ್ಕೊಂಡವ್ಳೆ. ಪಕ್ಕದ್ ಮನೆಯಾಕೆ ಇವತ್ತು ಬಾಯ್ಬಿಟ್ಳು."

"ಯಾಕಂತೆ?"

"ಎಡೆ ಇಡ್ಬೇಕಂತೆ. ಅಕ್ಕಿ, ಹಿಟ್ಟು, ಕಾಳು ಕೊಡಿ, ನಾನೇ ಬೇಯಿಸ್ಕೋತೀನಿ ಅಂತಾಳೆ. ರೂಲ್ಸ್ ಇಲ್ಲ ಅಜ್ಜಿ ಅಂದೆ. ದೇವರು ವರ ಕೊಟ್ರೂ ಪೂಜಾರಿ ಕೊಡಲ್ಲ ಅಂತ ನನಗೇ ಬೈದ್ಳು."

ಆ ರೂಲ್ಸ್ ಮಾಡಿದ ಪೂಜಾರಿ ನಾನೇ. ಒಬ್ಬಂಟಿಗಳಿಗೆ, ಹಾಸಿಗೆ ಹಿಡಿದವರಿಗೆ, ಕೂಲಿ ತಪ್ಪಿದವರಿಗೆ ದಿನಕ್ಕೊಂದು ಹೊತ್ತಿನ ಬಿಸಿ ಊಟ ಮುಟ್ಟಿಸುವುದು ನಮ್ಮ ಸಂಸ್ಥೆಯ ಕೆಲಸ. ದೇವನಹಳ್ಳಿಯಲ್ಲಿ ಅಡುಗೆಮನೆ, ಸುತ್ತಲಿನ ಹಳ್ಳಿಗಳಿಗೆ ಗಾಡಿ. ಮೊದಮೊದಲು ನಾವೂ ಅಕ್ಕಿ ಬೇಳೆಯ ಚೀಲಗಳನ್ನೇ ಕೊಡುತ್ತಿದ್ದೆವು. ಎಷ್ಟೋ ಮನೆಗಳಲ್ಲಿ ಹೆಂಗಸರು ಗಂಟು ಬಿಚ್ಚುವ ಮೊದಲೇ ಆ ಚೀಲ ಗಂಡಸರ ಹೆಗಲೇರಿ ಅಂಗಡಿಗೆ ಹೋಗುತ್ತಿತ್ತು, ಅಂಗಡಿಯಿಂದ ಅವರು ನೆಟ್ಟಗೆ ಬಾರಿಗೆ. ಬೆಂದ ಅನ್ನವನ್ನು ಯಾವ ಅಂಗಡಿಯವನೂ ಕೊಳ್ಳುವುದಿಲ್ಲ. ಹಾಗಾಗಿ ಬೇಯಿಸಿದ್ದನ್ನೇ ಕೊಡಬೇಕು, ಕಾಳುಕಡ್ಡಿ ಕೊಡಕೂಡದು ಎಂದು ಸಮಿತಿಯಲ್ಲಿ ಗಂಟಲು ಹರಿದುಕೊಂಡು ಒಪ್ಪಿಸಿದೆ. ಈಗಲೂ ಆ ನಿಯಮ ಸರಿ ಎಂದೇ ನನ್ನ ವಾದ.

ವಾದ ಮಾಡುವುದು ನನ್ನ ಕಸುಬು. ಮೂವತ್ತು ವರ್ಷ ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಹೇಳಿದವಳು ನಾನು. ಅನ್ನ ದಾನವಲ್ಲ, ಹಕ್ಕು. ಹಕ್ಕು ಎಂದರೆ ಕೊಡುವವನ ಮನಸ್ಸನ್ನು ಕೇಳಬೇಕಿಲ್ಲದ್ದು ಎಂದು ಬೋರ್ಡಿನ ತುಂಬ ಬರೆಯುತ್ತಿದ್ದೆ. ಹಿಂದಿನ ಬೆಂಚಿನವರು ಊಟದ ಬೆಲ್ಲಿಗೆ ಕಿವಿ ನೆಟ್ಟು ಕೂತಿರುತ್ತಿದ್ದರು. ಅವರ ಮೇಲೂ ರೇಗುತ್ತಿದ್ದೆ.

ಅಡುಗೆಮನೆ ಶುರು ಮಾಡಿದ್ದು ಮಾತ್ರ ನಾನಲ್ಲ, ನನ್ನ ಗಂಡ. ಬ್ಯಾಂಕಿನಲ್ಲಿದ್ದವರು, ಮಾತು ಕಡಿಮೆ. ಲಾಕ್‌ಡೌನಿನಲ್ಲಿ ಗಂಟುಮೂಟೆ ಹೊತ್ತು ಹೆದ್ದಾರಿಯಲ್ಲಿ ನಡೆದು ಹೋಗುತ್ತಿದ್ದವರನ್ನು ನೋಡಿ ಬಂದವರೇ ನಮ್ಮ ಮನೆಯ ಕುಕ್ಕರಿನಲ್ಲಿ ಚಿತ್ರಾನ್ನ ಕಲಸಿಕೊಂಡು ಸ್ಕೂಟರಿನಲ್ಲಿ ಹೊರಟರು. ನಾನು ಹಿಂದೆ ಕೂತು ಸರಕಾರವನ್ನು ಬೈಯುತ್ತ ಹೋದೆ. ಆ ಕುಕ್ಕರು ಬೆಳೆದು ಸಂಸ್ಥೆಯಾಯಿತು. ಹೋದ ವರ್ಷ ಆಷಾಢದ ಒಂದು ಬೆಳಿಗ್ಗೆ ಅವರು ಬಚ್ಚಲಿನಿಂದ ಹೊರಗೆ ಬಂದು, ಎದೆ ಹಿಡಿದುಕೊಂಡು ಮಂಚದ ಮೇಲೆ ಕೂತರು. ಅಷ್ಟೇ. ನನಗೆ ಒಂದು ಮಾತೂ ಹೇಳದೆ ಹೋಗಿಬಿಟ್ಟರು.

ಆಮೇಲೆ ನಾನು ಮನೆಯಲ್ಲಿ ಒಲೆ ಹಚ್ಚಿದ್ದು ಟೀಗೆ ಮಾತ್ರ. ಊಟ ಸಂಸ್ಥೆಯ ಹಂಡೆಯದ್ದೇ. ಇದನ್ನು ಸರಳತೆ ಎಂದು ಕೆಲವರು ವೇದಿಕೆಯ ಮೇಲೆ ಹೊಗಳುತ್ತಾರೆ. ಸರಳತೆಯೂ ಇಲ್ಲ, ಮಣ್ಣೂ ಇಲ್ಲ. ನನ್ನೊಬ್ಬಳಿಗಾಗಿ ಅಕ್ಕಿ ತೊಳೆಯಲು ಕೈ ಬರುವುದಿಲ್ಲ, ಅಷ್ಟೇ.

ಡ್ರೈವರ್ ಮಾತು ಕೇಳಿ ನನಗೆ ಪಿತ್ತ ನೆತ್ತಿಗೇರಿತು. "ಗಾಡಿ ತೆಗಿ," ಎಂದೆ. ಬೈದು ಉಣ್ಣಿಸಿಯೇ ಬರುವುದು ಎಂದು ಹೊರಟೆ.

ಆಕೆ ಇದ್ದದ್ದು ದೇವನಹಳ್ಳಿ ಪಕ್ಕದ ವಿಜಯಪುರದಲ್ಲಿ, ಮುಚ್ಚಿಹೋದ ಒಂದು ರೇಷ್ಮೆ ನೂಲಿನ ಘಟಕದ ಹಿಂದಿನ ಶೀಟಿನ ಕೋಣೆಯಲ್ಲಿ. ಚಿಕ್ಕಂದಿನಿಂದ ಅಂಥ ಘಟಕಗಳಲ್ಲೇ ದುಡಿದವಳು. ಕುದಿಯುವ ನೀರಿನಲ್ಲಿ ಗೂಡು ಬೇಯುತ್ತಿರುತ್ತದೆ. ಅದಕ್ಕೆ ಬೆರಳು ಅದ್ದಿ ಅದ್ದಿ ಎಳೆ ಎತ್ತಬೇಕು. ಹಾಗೆ ಬೆಂದು ಬೆಂದು ಆಕೆಯ ಬೆರಳುಗಳ ತುದಿ ನುಣ್ಣಗಾಗಿದ್ದವು. ರೇಷನ್ ಅಂಗಡಿಯ ಯಂತ್ರ ಆ ಹೆಬ್ಬೆಟ್ಟನ್ನು ಒಪ್ಪುತ್ತಿರಲಿಲ್ಲ. ಮೊಬೈಲಿಗೆ ನಂಬರ್ ಬರುತ್ತದೆ, ಅದನ್ನು ಹೇಳಿದರೂ ಆಗುತ್ತದೆ ಎಂದರು. ಕಾರ್ಡಿಗೆ ಜೋಡಿಸಿದ್ದು ಮಗಳ ಮೊಬೈಲು. ಮಗಳು ತೀರಿಕೊಂಡಿದ್ದಳು, ಆ ನಂಬರ್ ನಿಂತುಹೋಗಿತ್ತು. ನಾನೇ ಎರಡು ಸಲ ಕಚೇರಿಗೆ ಹೋಗಿ ಜಗಳ ಆಡಿ ಬಂದಿದ್ದೆ. ಆಗುತ್ತದೆ ಮೇಡಂ, ಆಗುತ್ತದೆ ಎಂದು ಕಾಫಿ ಕೊಟ್ಟು ಕಳಿಸಿದ್ದರು. ಹಾಗಾಗಿ ಆಕೆಗೆ ನಮ್ಮ ಡಬ್ಬಿಯೇ ಗತಿ.

ಬಾಗಿಲಿಗೆ ಒರಗಿ ಕೂತಿದ್ದಳು. ಕೆನ್ನೆ ಒಳಕ್ಕೆ ಹೋಗಿತ್ತು, ತುಟಿ ಒಣಗಿ ಬಿರಿದಿತ್ತು. ನನ್ನ ಸಿಟ್ಟು ಅರ್ಧ ಅಲ್ಲೇ ಇಳಿಯಿತು, ಆದರೂ ಬಿಡಲಿಲ್ಲ.

"ಏನಮ್ಮ ಇದು ನಿಮ್ಮ ಹಟ? ಸತ್ತೋರಿಗೆ ಎಡೆ ಇಡೋದಕ್ಕೆ ಬದುಕಿರೋರು ಸಾಯ್ಬೇಕಾ?"

"ಕುಂತ್ಕೊ ತಾಯಿ. ಬಿಸ್ಲಾಗೆ ಬಂದಿದ್ದೀಯ."

"ಕೂತ್ಕೊಳಲ್ಲ. ಮೊದಲು ಊಟ ಮಾಡಿ. ನಮ್ಮ ಊಟದಲ್ಲಿ ಏನು ಕೊರತೆ ಹೇಳಿ, ಸರಿ ಮಾಡಿಸ್ತೀನಿ."

"ಏನೂ ಕೊರತೆ ಇಲ್ಲ ಕಣವ್ವ. ಸುಳ್ಯಾಕೆ ಹೇಳ್ಲಿ, ಅದ್ರಾಗೇ ಬದುಕಿದ್ದೀನಿ. ಆದ್ರೆ ಅವಳು ಅದನ್ನ ಉಣ್ಣಲ್ಲ."

"ಯಾರು?"

"ನನ್ ಮಗಳು."

ಮಗಳು ದೊಡ್ಡಬಳ್ಳಾಪುರದ ಕಡೆ ಒಂದು ಗಾರ್ಮೆಂಟ್ಸಿಗೆ ಹೋಗುತ್ತಿದ್ದವಳು. ಬೆಳಿಗ್ಗೆ ಕತ್ತಲಿರುವಾಗಲೇ ಕಂಪನಿ ಬಸ್ಸು. ಎಷ್ಟೋ ದಿನ ತಿಂಡಿ ಬಿಟ್ಟು ಓಡುತ್ತಿದ್ದಳಂತೆ. ಕಾಮಾಲೆ ಹಿಡಿಯಿತು. ಗೊತ್ತಾಗುವ ಹೊತ್ತಿಗೆ ತಡವಾಗಿತ್ತು. ಆಸ್ಪತ್ರೆಯಲ್ಲಿ ಉಪ್ಪಿಲ್ಲ, ಖಾರವಿಲ್ಲ, ಎಣ್ಣೆಯಿಲ್ಲ, ಬರೀ ಗಂಜಿ. ಹುಡುಗಿ ದಿನವೂ ತಾಯಿಯ ಸೆರಗು ಹಿಡಿದು, ಅವ್ವಾ, ಹುರುಳಿಕಾಳು ಬಸ್ಸಾರು ಮುದ್ದೆ ಮಾಡ್ಕೊಂಡು ಬಾ ಎಂದು ಅಳುತ್ತಿದ್ದಳಂತೆ. ವಾಸಿಯಾಗಲಿ ಮಗ, ಮನೆಗೆ ಹೋಗೋಣ, ಬೇಕಾದಷ್ಟು ಮಾಡಿಕ್ಕುತ್ತೀನಿ ಎಂದಳಂತೆ ತಾಯಿ. ಡಾಕ್ಟರು ಹೇಳಿದ್ದನ್ನು ಮೀರಲಿಲ್ಲ. ಮೀರದೆಯೂ ಮಗಳು ಉಳಿಯಲಿಲ್ಲ.

"ಹೋದ್ ವರ್ಸ ಏನೂ ಇರ್ಲಿಲ್ಲ. ನಿಮ್ ಡಬ್ಬಿ ಅನ್ನಾನೇ ಎಲೆಗೆ ಹಾಕಿ ಅವಳ ಮುಂದೆ ಇಟ್ಟೆ. ಆಮೇಲೆ ಕನಸ್ನಾಗೆ ಬಂದ್ಳು. ಎಲೆ ಮುಂದೆ ಕುಂತಿದ್ಲು, ಮುಟ್ಲಿಲ್ಲ. 'ಅವ್ವಾ, ಇದೂ ಆಸ್ಪತ್ರೆ ಊಟಾನೇನವ್ವಾ?' ಅಂದ್ಳು."

ನಾನು ಕೂತೆ.

"ಈ ವರ್ಸ ನನ್ ಒಲೆ ಮ್ಯಾಲೆ, ನನ್ ಕೈಯಾರೆ ಮಾಡಿ ಅವಳಿಗೆ ಇಕ್ಕಬೇಕು. ಅಲ್ಲೀ ತಂಕ ನಾನೂ ಉಣ್ಣಲ್ಲ. ಅವಳು ಹಸ್ಕೊಂಡವ್ಳೆ ಅಂತ ಗೊತ್ತಿದ್ದೂ ಹೆಂಗವ್ವ ನುಂಗ್ಲಿ? ನಿನ್ ರೂಲ್ಸ್ ನೀನಿಟ್ಕೊ, ನಾನೇನ್ ಬ್ಯಾಡ ಅನ್ನಲ್ಲ."

ಮಾರನೆಯ ದಿನವೇ ಮಹಾಲಯ ಅಮಾವಾಸ್ಯೆ. ಅದು ದಾಟಿದರೆ ಮತ್ತೆ ಮುಂದಿನ ವರ್ಷ. ಮುಂದಿನ ವರ್ಷದ ತನಕ ಈಕೆ ಎಲ್ಲಿ ಉಳಿದಾಳು? ಉಪವಾಸ ಇನ್ನೆರಡು ದಿನ ಎಳೆದರೆ ಆಸ್ಪತ್ರೆ, ಅಲ್ಲಿ ಮತ್ತೆ ಅದೇ ಗಂಜಿ. ನನಗೆ ನಿಜಕ್ಕೂ ಹೆದರಿಕೆಯಾಯಿತು.

ವಾಪಸ್ ಬರುವಾಗ ಡ್ರೈವರ್ ಮೆಲ್ಲಗೆ, "ಸ್ಟೋರಿಂದ ಒಂದ್ ಸೇರು ಅಕ್ಕಿ ಎತ್ತಾಕ್ಕೊಂಡು ಬಂದ್ಬಿಡ್ಲಾ ಮೇಡಂ? ಯಾರಿಗ್ ಗೊತ್ತಾಗ್ತದೆ?" ಎಂದ.

"ಬೇಡ. ಸಂಸ್ಥೆದು ಸಂಸ್ಥೆಗೇ ಇರ್ಲಿ. ನಾನು ಮನೆಯಿಂದ ತರ್ತೀನಿ."

"ಮನೇಲೇನೈತೆ ಮೇಡಂ? ನೀವೇ ನಮ್ ಹಂಡೇಲಿ ಉಣ್ತೀರ."

ಬಾಯಿಮುಚ್ಚು ಎಂದೆ. ಮನೆಗೆ ಹೋಗಿ ಡಬ್ಬಗಳನ್ನು ತೆಗೆದರೆ ಅವನು ಹೇಳಿದ್ದೇ ಸರಿ. ರಾಗಿಹಿಟ್ಟಿನಲ್ಲಿ ಹುಳು ಓಡಾಡುತ್ತಿದ್ದವು. ನನ್ನ ಗಂಡ ಗಿರಣಿಗೆ ಹೊತ್ತು, ಬೀಸಿಸಿಕೊಂಡು ಬಂದಿದ್ದ ಹಿಟ್ಟು ಅದು. ಚೆಲ್ಲಲು ಮನಸ್ಸಾಗದೆ ಮುಚ್ಚಳ ಮುಚ್ಚಿ ಅಲ್ಲೇ ಇಟ್ಟೆ. ಬೆಳಿಗ್ಗೆ ವಿಜಯಪುರದಲ್ಲೇ ಎಲ್ಲ ಕೊಂಡೆ: ಅಕ್ಕಿ, ಹಿಟ್ಟು, ಮೊಳಕೆ ಕಟ್ಟಿದ ಹುರುಳಿಕಾಳು, ಸೊಪ್ಪು, ಬಾಳೆಲೆ, ಒಂದು ಕಟ್ಟು ಬೀಡಿ. ಬೀಡಿ ಆಕೆಯ ಗಂಡನಿಗೆ. ಎಂದೋ ಸತ್ತವನು, ಬದುಕಿದ್ದಾಗ ಅನ್ನ ಬಿಟ್ಟರೂ ಬೀಡಿ ಬಿಟ್ಟವನಲ್ಲವಂತೆ.

"ರೂಲ್ಸ್ ಮುರೀಲಿಲ್ಲ, ಒಸಿ ಬಗ್ಗಿಸಿದ್ರಿ, ಅಲ್ವಾ ಮೇಡಂ?" ಎಂದು ಹಲ್ಲು ಕಿರಿದು, ನನ್ನನ್ನು ಇಳಿಸಿ, ಡ್ರೈವರ್ ಊಟ ಹಂಚಲು ಹೊರಟ.

ಆಕೆ ಆಗಲೇ ತಲೆಗೆ ನೀರು ಹಾಕಿಕೊಂಡಿದ್ದಳು. ಕೋಣೆಯ ಮುಂದೆ ಮೂರು ಕಲ್ಲಿನ ಒಲೆ, ಪಕ್ಕದಲ್ಲಿ ಒಣಗಿದ ಹಿಪ್ಪುನೇರಳೆ ಕಡ್ಡಿಗಳ ಹೊರೆ. ನಾನು ತಂದ ಚೀಲವನ್ನು ಒಂದೊಂದಾಗಿ ಬಿಚ್ಚಿ, ಹುರುಳಿಕಾಳನ್ನು ಬೊಗಸೆಯಲ್ಲಿ ಹಿಡಿದು ಮೂಸಿದಳು. ಅಳುತ್ತಾಳೇನೋ ಎಂದುಕೊಂಡೆ. ಅಳಲಿಲ್ಲ. "ಒಲೆ ಹಚ್ಚು, ಸುಮ್ಕೆ ನಿಂತ್ಕೋಬ್ಯಾಡ," ಎಂದಳು.

ಕಡ್ಡಿ ಚಟಚಟ ಉರಿಯಿತು. ಕಾಳು, ಸೊಪ್ಪು ಬೆಂದವು. ಸಾರಿಗೆ ಬಸಿದ ಕಟ್ಟು ಒಂದು ಕಡೆ, ಪಲ್ಯಕ್ಕೆ ಕಾಳು ಒಂದು ಕಡೆ. ಒರಳಿನಲ್ಲಿ ಖಾರ ರುಬ್ಬುವಾಗ ಆಕೆ ನಡುನಡುವೆ ನಿಲ್ಲಿಸಿ ಉಸಿರು ಎಳೆದುಕೊಳ್ಳುತ್ತಿದ್ದಳು. ರುಬ್ಬುಗುಂಡನ್ನು ಕಸಿದುಕೊಳ್ಳಲು ಹೋದೆ, ಬಿಡಲಿಲ್ಲ. ಒಂದು ಲೋಟ ಮಜ್ಜಿಗೆಯಾದರೂ ಕುಡಿಯಿರಿ ಎಂದೆ. ಕೇಳಿಸದವಳಂತೆ ರುಬ್ಬುತ್ತಲೇ ಇದ್ದಳು. ಸಾರು ಕುದಿಯತೊಡಗಿದಾಗ ಆ ವಾಸನೆಗೆ ಬೆಳಿಗ್ಗೆಯಿಂದ ಏನೂ ತಿನ್ನದ ನನ್ನ ಹೊಟ್ಟೆಯೇ ಕೂಗಿತು. ಆಕೆಯ ಹೊಟ್ಟೆ ಏನನ್ನುತ್ತಿತ್ತೋ. ಸೌಟು ಹಿಡಿದು, ಉಪ್ಪು ನೋಡಲಾ ಎಂದೆ.

"ಅಯ್ಯಯ್ಯೋ, ಮುಟ್ಬ್ಯಾಡ! ಎಂಜಲಾಗ್ತದೆ. ಅವರು ಉಂಡ್ಮೇಲೇ ನಾವು."

ಮುದ್ದೆ ತಿರುವಲು ಆಕೆಗೆ ತೋಳಿನಲ್ಲಿ ಬಲವಿರಲಿಲ್ಲ. ಅದು ಮಾತ್ರ ನನ್ನ ಪಾಲಿಗೆ ಬಂತು. ಪಾತ್ರೆಯನ್ನು ಕಾಲಿನಿಂದ ಒತ್ತಿಕೊಂಡು, ಕೋಲು ಹಿಡಿದು ತಿರುವಿದೆ. ಕೈಗೆ ಮರೆತುಹೋಗಿತ್ತು. ಗಂಟು ಗಂಟಾಯಿತು.

"ಊರಿಗೆಲ್ಲಾ ಅನ್ನ ಹಾಕೋಳಿಗೆ ಒಂದ್ ಮುದ್ದೆ ತಿರುವಕ್ಕೆ ಬರಲ್ವಾ!" ಎಂದು ನಕ್ಕಳು. ಆ ಮುಖದಲ್ಲಿ ನಗು ನೋಡಿದ್ದು ನಾನು ಅದೇ ಮೊದಲು. "ಮನೇಲಿ ಮಾಡ್ಕಳಲ್ವಾ?"

"ಇಲ್ಲ."

"ಡ್ರೈವರಪ್ಪ ಹೇಳ್ದ," ಎಂದಳು. ನಾನು ಕೋಲನ್ನು ಇನ್ನಷ್ಟು ಜೋರಾಗಿ ತಿರುವಿದೆ.

ಕೋಣೆಯೊಳಗೆ ಗೋಡೆಗೆ ಒರಗಿಸಿ ಮಗಳ ಫೋಟೋ ಇಟ್ಟಳು. ಫೋಟೋ ಎಂದರೆ ಗಾರ್ಮೆಂಟ್ಸಿನ ಐಡಿ ಕಾರ್ಡು, ಕೊರಳಿಗೆ ಹಾಕುವ ನೀಲಿ ಪಟ್ಟಿಯ ಸಮೇತ. ಬೇರೆ ಫೋಟೋ ತೆಗೆಸಿಯೇ ಇರಲಿಲ್ಲ. ದಪ್ಪ ಜಡೆಯ ಹುಡುಗಿ, ಕ್ಯಾಮರಾ ಕಂಡು ಹೆದರಿದವಳ ಹಾಗೆ ಕಣ್ಣು ಬಿಟ್ಟುಕೊಂಡಿದ್ದಳು. ಅದರ ಮುಂದೆ ಒಂದು ಎಲೆ. ಪಕ್ಕದಲ್ಲಿ ಗಂಡನಿಗೊಂದು. ಆಮೇಲೆ ಆಕೆ ಇನ್ನೊಂದು ಎಲೆ ಒರೆಸಿ ಹಾಸಿದಳು.

"ಇದು ಯಾರಿಗಮ್ಮ?"

"ನಿಮ್ಮೋರಿಗೆ."

ನನಗೆ ಸರ್ರನೆ ಕೋಪ ಬಂತು. ಯಾರು ಕೇಳಿದ್ದರು ಇದನ್ನು? ಬೇಡ ಎಂದೆ. ನಾನು ಇದನ್ನೆಲ್ಲ ನಂಬುವುದಿಲ್ಲ ಎಂದೆ. ಅವರೂ ನಂಬುತ್ತಿರಲಿಲ್ಲ, ನಾನು ಸತ್ತರೆ ಎಡೆಗಿಡೆ ಎಂದು ಕೂರಬೇಡ, ಹಸಿದವರಿಗೆ ಹಾಕು ಎಂದು ಅವರೇ ಹೇಳಿದ್ದರು. ಚನ್ನರಾಯಪಟ್ಟಣದ ಕಡೆಯ ನಮ್ಮ ಊರಿನಲ್ಲಿ ಮೈದುನ ಎಡೆ ಇಡುತ್ತಾನೆ, ಕರೆದರೂ ನಾನು ಹೋಗಲಿಲ್ಲ ಎಂದೆ. ಕ್ಲಾಸಿನಲ್ಲಿ ಮಾತಾಡುವ ದನಿಯಲ್ಲೇ ಅಷ್ಟೂ ಹೇಳಿದೆ.

ಆಕೆ ಪೂರ್ತಿ ಕೇಳಿಸಿಕೊಂಡಳು. "ನಂಬೋದು ಬಿಡೋದು ಇರೋರ ಮಾತು ಕಣವ್ವ," ಎಂದಳು. "ನೀ ನಂಬಬ್ಯಾಡ. ಬಸ್ಸಾರು ಉಣ್ತಿದ್ರಾ ಅವರು? ಅಷ್ಟ್ ಹೇಳು."

ಉಣ್ಣುತ್ತಿದ್ದರು. ಉಣ್ಣುತ್ತಿದ್ದರಲ್ಲಾ, ದೇವರೇ! ಕೆಂಡದಲ್ಲಿ ಸುಟ್ಟ ಒಣಮೆಣಸಿನಕಾಯಿ ನೆಂಚಿಕೊಂಡು, ಮೂಗಿನಲ್ಲಿ ನೀರು ಸುರಿಸಿಕೊಂಡು, ಇನ್ನೊಂದು ಸೌಟು ಹಾಕು ಎನ್ನುತ್ತಿದ್ದರು. ಹೇಳುತ್ತ ಹೇಳುತ್ತ ನನ್ನ ದನಿ ಒಡೆಯಿತು. ಅವರು ಹೋದ ದಿನ ಅತ್ತಿರಲಿಲ್ಲ ನಾನು. ಜನ ಬಂದರು, ಹೋದರು, ಗಾಡಿಗಳು ಹೊತ್ತಿಗೆ ಸರಿಯಾಗಿ ಊಟ ಒಯ್ದವು, ನಾನು ನಿಂತು ಕಳಿಸಿದೆ. ಈಗ ಯಾರದೋ ಕೋಣೆಯಲ್ಲಿ, ಕೈಯೆಲ್ಲ ಹಿಟ್ಟು ಮೆತ್ತಿಕೊಂಡು, ಹೋ ಎಂದು ಅತ್ತುಬಿಟ್ಟೆ. ಆಕೆ ಸಮಾಧಾನ ಮಾಡಲಿಲ್ಲ. ಹೊರಗೆ ಹೋಗಿ ಕೆಂಡದಲ್ಲಿ ಎರಡು ಮೆಣಸಿನಕಾಯಿ ಸುಟ್ಟು ತಂದಳು.

"ಪೋಟ ಐತಾ?"

ಮೊಬೈಲಿನಲ್ಲಿತ್ತು. ಅಡುಗೆಮನೆಯಲ್ಲಿ ಸೌಟು ಹಿಡಿದು ನಿಂತದ್ದು. ಮೊಬೈಲನ್ನು ಮಗಳ ಐಡಿ ಕಾರ್ಡಿನ ಪಕ್ಕ ಒರಗಿಸಿದೆ. ಬೆಳಕು ಮತ್ತೆ ಮತ್ತೆ ಆರಿ ಅವರ ಮುಖ ಹೋಗುತ್ತಿತ್ತು. ಆರದ ಹಾಗೆ ಮಾಡಲು ಎಲ್ಲೆಲ್ಲೋ ಒತ್ತಿ, ಕೊನೆಗೆ ಹೇಗೋ ಆಯಿತು.

ಆಕೆ ಬಡಿಸಿದಳು. ಮಗಳ ಎಲೆಗೆ ಮೊದಲು. ಗಂಟುಗಂಟಾದ ಮುದ್ದೆ, ಮೇಲೆ ಬಿಸಿ ಸಾರು, ಬದಿಗೆ ಪಲ್ಯ, ಅನ್ನ. "ಉಣ್ಣು ಮಗ. ಖಾರ ಹಾಕಿದ್ದೀನಿ, ಉಪ್ಪು ಹಾಕಿದ್ದೀನಿ. ಯಾರೂ ಬ್ಯಾಡ ಅನ್ನಲ್ಲ, ಉಣ್ಣು," ಎಂದಳು. ಗಂಡನ ಎಲೆಯ ತುದಿಗೆ ಬೀಡಿ ಇಟ್ಟು, "ನಿಂದೂ ಐತೆ, ತಗೋ," ಎಂದು ಸ್ವಲ್ಪ ಗದರಿದಳು. ನನ್ನ ಗಂಡನ ಎಲೆಗೆ ಬಡಿಸಲು ಸೌಟನ್ನು ನನ್ನ ಕೈಗೆ ಕೊಟ್ಟಳು. ಬಡಿಸಿದೆ. ಸಾಂಬ್ರಾಣಿ ಹಾಕಿ, ಕೈಮುಗಿದು, ಇಬ್ಬರೂ ಹೊರಗೆ ಬಂದು ಬಾಗಿಲು ಹಾಕಿದೆವು.

ನಮ್ಮ ಕಡೆ ಪದ್ಧತಿಯೇ ಹಾಗೆ. ಎಡೆ ಇಟ್ಟ ಮೇಲೆ ಬದುಕಿರುವವರು ಹೊರಗೆ ಬಂದು ಬಾಗಿಲು ಹಾಕಿಕೊಂಡು ಕೂರಬೇಕು. ನಾವು ನೋಡುತ್ತಿದ್ದರೆ ಹೋದವರು ಬಂದು ಉಣ್ಣುವುದಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಬಾಗಿಲು ತಟ್ಟಬೇಕು. ತಟ್ಟಿದ ಸದ್ದಿಗೆ ಅವರು ಎದ್ದು ಹೊರಟುಹೋಗುತ್ತಾರೆ. ಆಮೇಲೆ ನಾವು ಒಳಗೆ ಹೋಗಿ ಅದೇ ಎಲೆಯಲ್ಲಿ ಉಣ್ಣುವುದು.

ಗೋಡೆಗೆ ಒರಗಿ ಕೂತೆವು. ಶೀಟಿನ ಮೇಲೆ ವಿಮಾನವೊಂದು ತಗ್ಗಿ ಹಾರಿ ಹೋಯಿತು. ಒಳಗೆ ನನ್ನ ಮೊಬೈಲು ಹೊಡೆದುಕೊಳ್ಳಲು ಶುರುವಾಯಿತು. ಅಡುಗೆಮನೆಯವರಿರಬೇಕು, ಏನೋ ಕಡಿಮೆ ಬಿದ್ದಿರಬೇಕು. ಅಭ್ಯಾಸಬಲದಿಂದ ಏಳಲು ಹೋದೆ. ಆಕೆ ನನ್ನ ಮಣಿಕಟ್ಟು ಹಿಡಿದಳು. "ಉಣ್ಣೋ ಹೊತ್ನಾಗೆ ಎಬ್ಬಿಸ್ಬ್ಯಾಡ," ಎಂದಳು. ಮೊಬೈಲು ಒಂದಷ್ಟು ಹೊತ್ತು ಬಡಿದುಕೊಂಡು ತಾನೇ ನಿಂತಿತು.

ಆಕೆಯ ಕೈ ತಣ್ಣಗಿತ್ತು. ಕಣ್ಣು ಮುಚ್ಚಿಕೊಂಡಿದ್ದಳು, ಹಣೆಯಲ್ಲಿ ಬೆವರಿತ್ತು. ಸ್ವಲ್ಪ ಹೊತ್ತಿನ ನಂತರ, "ಆಯ್ತೇನೋ ಕಣವ್ವ. ನಂಗೆ ಏಳಕ್ಕಾಗ್ತಿಲ್ಲ. ನೀನೇ ತಟ್ಟು," ಎಂದಳು.

ಎದ್ದೆ. ಬಾಗಿಲ ಮುಂದೆ ನಿಂತು ಕೈ ಎತ್ತಿದೆ. ಬೇಗ ತಟ್ಟಬೇಕು, ಆಕೆಗೆ ಒಂದು ತುತ್ತು ಉಣ್ಣಿಸಬೇಕು, ನಾನು ಬಂದದ್ದೇ ಅದಕ್ಕೆ ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ಒಳಗೆ ಯಾರೂ ಇಲ್ಲ ಎಂಬುದೂ ಗೊತ್ತಿತ್ತು. ಎಲೆ ಹಾಗೇ ಇರುತ್ತದೆ, ಸಾರು ಆರಿರುತ್ತದೆ, ಮೊಬೈಲಿನಲ್ಲಿ ಒಂದು ಚಿತ್ರ ಇರುತ್ತದೆ. ಆದರೆ ತಟ್ಟುವವರೆಗೆ ಅವರು ಒಳಗಿದ್ದರು. ಹೋದ ವರ್ಷ ನನಗೆ ಸಿಗದ ಹೊತ್ತು ಇದು, ಒಂದು ಹಲಗೆಯ ಆಚೆ ಅವರು ಕೂತು ಉಣ್ಣುತ್ತಿರುವ ಹೊತ್ತು.

ಎತ್ತಿದ ಕೈ ಇಳಿಸಿದೆ.

"ಇನ್ನೊಂಚೂರು ತಾಳಮ್ಮ," ಎಂದೆ. "ಅವರು ಉಣ್ಣೋದು ನಿಧಾನ."

ಆಕೆ ಕಣ್ಣು ತೆರೆದು ನನ್ನನ್ನು ನೋಡಿದಳು. ಒಣಗಿದ ತುಟಿಯನ್ನು ನಾಲಿಗೆಯಿಂದ ಒದ್ದೆ ಮಾಡಿಕೊಂಡಳು.

"ಹೂಂ. ಉಣ್ಲಿ ಬಿಡು," ಎಂದಳು. "ನನ್ ಮಗೂಗೂ ಜೊತೆಯಾಯ್ತು."

ಪಕ್ಕಕ್ಕೆ ಸರಿದು ನನಗೆ ಜಾಗ ಮಾಡಿಕೊಟ್ಟಳು. ಬಾಗಿಲು ತಟ್ಟದೆ, ಇಬ್ಬರೂ ಹಸಿದುಕೊಂಡೇ ಕೂತಿದ್ದೆವು.